ನಾಲ್ಕು ಬೆರಳು ಸರಿದ ಗುಂಡು: ಅಟ್ಲಿಯ ಬೇರೊಂದು ಯುದ್ಧವನ್ನು ಬರೆದ ಬಗೆ

1916ರ ಏಪ್ರಿಲ್ 5, ಬುಧವಾರ. ಮೆಸೊಪೊಟೇಮಿಯಾದ (ಇಂದಿನ ಇರಾಕ್) ಟೈಗ್ರಿಸ್ ನದಿಯ ಎಡದಂಡೆಯ ಹನ್ನಾ ಎಂಬಲ್ಲಿ ಬ್ರಿಟಿಷರ 13ನೇ ಡಿವಿಜನ್ ತುರ್ಕರ ಕಂದಕಗಳ ಮೇಲೆ ಏರಿಹೋಯಿತು. 6ನೇ ಸೌತ್ ಲ್ಯಾಂಕಾಷೈರ್ ಬೆಟಾಲಿಯನ್ನಿನ ಒಬ್ಬ ಕ್ಯಾಪ್ಟನ್ ಕೈಯಲ್ಲಿ ಕೆಂಪು ಬಾವುಟವಿತ್ತು. ನಮ್ಮವರು ಇಲ್ಲಿಯ ತನಕ ಮುಟ್ಟಿದ್ದಾರೆ ಎಂದು ಹಿಂದಿನ ತೋಪಿನವರಿಗೆ ತೋರಿಸುವ ಬಾವುಟ ಅದು. ಆದರೂ ಸ್ವಂತ ಪಡೆಯದೇ ಶೆಲ್ಲೊಂದು ಒಡೆದು ಅವರ ಕಾಲಿಗೆ ಪೆಟ್ಟಾಯಿತು. ಅವರನ್ನು ಮೊದಲು ಭಾರತಕ್ಕೆ, ಅಲ್ಲಿಂದ ಇಂಗ್ಲೆಂಡಿಗೆ ಸಾಗಿಸಿದರು. ಆ ಕ್ಯಾಪ್ಟನ್ ಹೆಸರು ಕ್ಲೆಮೆಂಟ್ ಅಟ್ಲಿ. 1945ರ ಜುಲೈ 26ರಂದು ಬ್ರಿಟನ್ನಿನ ಪ್ರಧಾನಿಯಾದವರು, 1947ರ ಫೆಬ್ರುವರಿ 20ರಂದು ಭಾರತಕ್ಕೆ ಅಧಿಕಾರ ಬಿಟ್ಟುಕೊಡುವ ಗಡುವನ್ನು ಪಾರ್ಲಿಮೆಂಟಿನಲ್ಲಿ ಘೋಷಿಸಿದವರು ಅವರೇ.

ಆ ಗಾಯ ಅಷ್ಟು ಜೋರಾಗಿ ಆಗದಿದ್ದರೆ? ಇದೊಂದೇ ಪ್ರಶ್ನೆ ಹಿಡಿದು ಒಂದು ನೀಳ್ಗತೆ ಬರೆದೆ. ಪರ್ಯಾಯ ಇತಿಹಾಸವನ್ನು ಕನ್ನಡದಲ್ಲಿ ಬರೆಯಬೇಕೆನ್ನುವವರಿಗೆ ಉಪಯೋಗವಾಗಲಿ ಎಂದು ಅದರ ಕೆಲಸ ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂಬುದನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ.

ಬೆಳಗಾವಿಯಲ್ಲಿ ಕುಳಿತು ಲಂಡನ್ನಿನ ರಾಜಕಾರಣಿಯ ಕಥೆ ಯಾಕೆ ಎಂದರೆ, ಅಟ್ಲಿ ಕಾದಾಡಿದ್ದು ಟೈಗ್ರಿಸ್ ದಂಡೆಯ ಕೂಟ್ ಊರಿಗೆ ತುರ್ಕರು ಹಾಕಿದ್ದ ಮುತ್ತಿಗೆ ಬಿಡಿಸಲು. ಆ ಕೂಟ್ ಒಳಗೆ 1915ರ ಡಿಸೆಂಬರ್ 7ರಿಂದ ಸಿಕ್ಕಿಬಿದ್ದಿದ್ದ 6ನೇ ಪುಣೆ ಡಿವಿಜನ್ನಿನಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟಣಗಳಿದ್ದವು. ಇಂದು ನಮ್ಮ ಕ್ಯಾಂಪಿನಲ್ಲಿರುವ ಮರಾಠಾ ಲೈಟ್ ಇನ್‌ಫಂಟ್ರಿಯ ಹಿರಿಯರು ಅವು. ಐದು ತಿಂಗಳ ಹತ್ತಿರ ತಡೆದು, ಕುದುರೆ ಮಾಂಸದ ತನಕ ಬಂದು, ಏಪ್ರಿಲ್ 29ರಂದು ಸುಮಾರು 13,000 ಮಂದಿ ಶರಣಾದರು. ಅದೇ 1916ರ ಏಪ್ರಿಲ್‌ನಲ್ಲಿ ಟಿಳಕರು ಇದೇ ಬೆಳಗಾವಿಯಲ್ಲಿ ಹೋಂ ರೂಲ್ ಲೀಗ್ ಕಟ್ಟಿದರು. ಭಾರತಕ್ಕೆ ಸ್ವರಾಜ್ಯ ಕೇಳಿದ ಸಭೆ ಮತ್ತು ಆ ಸ್ವರಾಜ್ಯದ ಮಸೂದೆ ತರಲಿದ್ದವನ ಗಾಯ ಎರಡೂ ಕ್ಯಾಲೆಂಡರಿನ ಒಂದೇ ಹಾಳೆಯಲ್ಲಿವೆ. ಇಷ್ಟು ಗಟ್ಟಿ ನಂಟು ಬೇರೆ ಯಾವ ರಾಜಕಾರಣಿಯ ಸೇನಾ ಸೇವೆಯಲ್ಲೂ ನನಗೆ ಸಿಗಲಿಲ್ಲ.

ಕಥೆಗಿಂತ ಮೊದಲು ವಹಿ. ಅಂಗಡಿಯಲ್ಲಿ ಸಿಗುವ ಉದ್ದನೆಯ ರೋಕಡ ವಹಿಯೇ ಸಾಕು. ಎಡಗಡೆ ತಾರೀಖು. ಅದರ ಪಕ್ಕ ನಡೆದದ್ದು, ಕಪ್ಪು ಶಾಯಿಯಲ್ಲಿ. ಅದರ ಪಕ್ಕ ನನ್ನ ಕಥೆಯಲ್ಲಿ ನಡೆಯುವುದು, ಪೆನ್ಸಿಲ್ಲಿನಲ್ಲಿ. ನಾಲ್ಕನೆಯ ಮನೆಯನ್ನು ಬಹಳ ಮಂದಿ ಬಿಡುತ್ತಾರೆ: ಆ ಬದಲಾವಣೆಯ ಸುದ್ದಿ ಯಾರಿಗೆ, ಯಾವಾಗ ಮುಟ್ಟುತ್ತದೆ ಎಂಬ ಮನೆ. ಕಥೆ ನಿಜದಿಂದ ಬೇರೆಯಾಗುವ ಕವಲು ಒಡೆದ ಮರುದಿನವೇ ಜಗತ್ತೆಲ್ಲ ಬದಲಾಗುವುದಿಲ್ಲ. ಅಟ್ಲಿಗೆ ಹೆಚ್ಚು ಪೆಟ್ಟಾಗಲಿಲ್ಲ ಎಂಬ ಮಾತ್ರಕ್ಕೆ ಏಪ್ರಿಲ್ 29ರಂದು ಕೂಟ್ ಉಳಿಯುವುದಿಲ್ಲ, ಒಬ್ಬ ಕ್ಯಾಪ್ಟನ್ನನ ಕಾಲಿಗೆ ಅಷ್ಟು ಶಕ್ತಿಯಿಲ್ಲ. ಹಾಗಾಗಿ ಮೊದಲ ಹನ್ನೊಂದು ತಿಂಗಳು ನನ್ನ ಮೂರನೆಯ ಮನೆಯಲ್ಲಿ ಒಬ್ಬನೇ ಮನುಷ್ಯನ ಜಾಗ ಬಿಟ್ಟರೆ ಬೇರೇನೂ ಬದಲಾಗಿಲ್ಲ.

ಕವಲು ಎಲ್ಲಿ ಒಡೆಯಬೇಕು ಎಂದು ನೋಡುವಾಗ ಅಟ್ಲಿಯ ಸೇವೆಯಲ್ಲಿ ನಾಲ್ಕು ಜಾಗ ಕಂಡವು. ಮೊದಲನೆಯದು 1914: ಅವರಿಗೆ ಆಗ 31 ವರ್ಷ, ವಯಸ್ಸಾಯಿತೆಂದು ಮೊದಲು ಸೇರಿಸಿಕೊಳ್ಳಲಿಲ್ಲ, ಸೆಪ್ಟೆಂಬರ್ ಕೊನೆಗೆ ಹುದ್ದೆ ಸಿಕ್ಕಿತು. ಸೇರಿಸಿಕೊಳ್ಳದಿದ್ದರೆ ಕಥೆಯೇ ಇಲ್ಲ. ಎರಡನೆಯದು ತುರ್ಕಿಯ ಗಲಿಪೊಲಿ: 1915ರ ಬೇಸಿಗೆಯಲ್ಲಿ ಆಮಶಂಕೆಯಾಗಿ ಕುಸಿದು ಬಿದ್ದರು, ಮಾಲ್ಟಾದ ಆಸ್ಪತ್ರೆ ಸೇರಿದರು. ಅವರು ಅಲ್ಲಿರುವಾಗಲೇ ಆಗಸ್ಟಿನ ಸಾರಿ ಬೈರ್ ಕದನ ನಡೆಯಿತು. ಆಗಸ್ಟ್ 9ರಂದು 6ನೇ ಸೌತ್ ಲ್ಯಾಂಕಾಷೈರಿನ ಒಂದು ತುಕಡಿ 6ನೇ ಗೂರ್ಖಾ ಪಲ್ಟಣದ ಜತೆ ಬೆಟ್ಟದ ನೆತ್ತಿಯ ತನಕ ಹತ್ತಿ, ಸ್ವಂತ ಪಡೆಯ ಶೆಲ್ಲುಗಳಿಗೇ ಸಿಕ್ಕಿ ಕೆಳಗಿಳಿಯಬೇಕಾಯಿತು. ಆಮಶಂಕೆ ಇಲ್ಲದಿದ್ದರೆ ಅಟ್ಲಿ ಬಹುಶಃ ಅಲ್ಲಿಯೇ ಮುಗಿಯುತ್ತಿದ್ದರು. ಮೂರನೆಯದು ಅದೇ ವರ್ಷದ ಡಿಸೆಂಬರ್: ಗಲಿಪೊಲಿಯ ಸುವ್ಲಾ ಕೊಲ್ಲಿಯಿಂದ ಸೇನೆ ಹಿಂದೆಗೆಯುವಾಗ ಕೊನೆಯ ಕಾವಲಿನಲ್ಲಿ ಅವರಿದ್ದರು. ದಡ ಬಿಟ್ಟವರಲ್ಲಿ ಕೊನೆಯವರು ಜನರಲ್ ಮಾಡ್, ಅವರಿಗಿಂತ ಒಂದು ಹೆಜ್ಜೆ ಮುಂಚೆ ಬಿಟ್ಟವರು ಅಟ್ಲಿ. ನಾಲ್ಕನೆಯದು ಹನ್ನಾ.

ಮೊದಲ ಬಾರಿಗೆ ಬರೆಯುವವರು ಎರಡನೆಯದನ್ನೇ ಹಿಡಿಯುತ್ತಾರೆ, ನಾನೂ ಹಿಡಿದಿದ್ದೆ. ನಾಯಕನನ್ನು ಕೊಂದುಬಿಟ್ಟರೆ ಎಲ್ಲ ಬದಲಾಗುತ್ತದೆ ಎನ್ನಿಸುತ್ತದೆ. ಆದರೆ ಸತ್ತವನ ಕಥೆಯಲ್ಲಿ ಬರಹಗಾರನಿಗೆ ಮಾಡಲು ಏನೂ ಉಳಿಯುವುದಿಲ್ಲ. ಆಮೇಲಿನದೆಲ್ಲ ಬೇರೆಯವರ ಪಟ್ಟಿ. ಅವನನ್ನು ಬದುಕಿಸಿ ತಡಮಾಡಿಸಿದರೆ ಪ್ರತಿ ತಾರೀಖಿನಲ್ಲೂ ಒಂದು ಬಾಗಿಲು ಮುಚ್ಚುವುದು ಕಾಣುತ್ತದೆ. ಹೀಗೆ ಹನ್ನಾ ಉಳಿಯಿತು.

ಈಗ ಗುಂಡನ್ನು ಎಷ್ಟು ಸರಿಸಬೇಕು? ಇಲ್ಲಿ ಲೆಕ್ಕ ಬೇಕು. ಶ್ರಾಪ್ನೆಲ್ ಶೆಲ್ಲು ನೆಲಕ್ಕೆ ಬಡಿದು ಒಡೆಯುವ ಜಾತಿಯದಲ್ಲ. ಅದರ ಮೂತಿಯಲ್ಲಿ ಸಮಯಕ್ಕೆ ಹೊಂದಿಸಿದ ಫ್ಯೂಸು ಇರುತ್ತದೆ, ಗಾಳಿಯಲ್ಲೇ ಒಡೆದು ಸೀಸದ ಗೋಲಿಗಳನ್ನು ಮುಂದಕ್ಕೆ ಜಾಡಿಸುತ್ತದೆ. ಬ್ರಿಟಿಷರ 18 ಪೌಂಡರ್ ತೋಪಿನ ಒಂದು ಶೆಲ್ಲಿನಲ್ಲಿ ಸುಮಾರು 375 ಗೋಲಿ. ಶೆಲ್ಲು ಸೆಕೆಂಡಿಗೆ 300 ಮೀಟರ್ ವೇಗದಲ್ಲಿದ್ದರೆ, ಫ್ಯೂಸು ಹತ್ತರಲ್ಲಿ ಒಂದು ಸೆಕೆಂಡು ಮುಂಚೆ ಹೊತ್ತಿದರೂ 30 ಮೀಟರ್ ಹಿಂದೆ ಒಡೆಯುತ್ತದೆ. ಮುಂದೆ ಹೋದ ಸ್ವಂತ ಸೈನಿಕರ ಬೆನ್ನಿಗೆ ಬೀಳುವುದು ಹೀಗೆ. ಫ್ಯೂಸನ್ನೇ ಸರಿಪಡಿಸಿದರೆ ಅಟ್ಲಿಗೆ ಏನೂ ಆಗುವುದಿಲ್ಲ. ಮೊದಲ ಕರಡಿನಲ್ಲಿ ಹಾಗೇ ಮಾಡಿದ್ದೆ.

ಅದು ತಪ್ಪಾಗಿತ್ತು. ನಾಲ್ಕು ದಿನ ಮುಂದೆ ನೋಡಿರಲಿಲ್ಲ. ಏಪ್ರಿಲ್ 9ರಂದು ಇದೇ 13ನೇ ಡಿವಿಜನ್ ಸನ್ನಯ್ಯಾತ್ ಎಂಬಲ್ಲಿ ತುರ್ಕರ ಕಂದಕಗಳ ಮೇಲೆ ಬಿದ್ದು, ಅಪಾರ ಸಾವುನೋವಿನೊಂದಿಗೆ ಹಿಂದೆ ಸರಿಯಿತು. 5ರಂದು ಮೈ ನೆಟ್ಟಗಿದ್ದ ಕ್ಯಾಪ್ಟನ್ 9ರಂದು ಮುಂಚೂಣಿಯಲ್ಲೇ ಇರಬೇಕು. ಅಲ್ಲಿ ಮತ್ತೆ ಅವನನ್ನು ಉಳಿಸಲು ಎರಡನೆಯ ಪವಾಡ ಬೇಕಾಗುತ್ತದೆ. ಒಂದು ಕಥೆಗೆ ಒಂದೇ ಬದಲಾವಣೆ ಎಂಬುದು ನಾನು ಬಿಡದೆ ಪಾಲಿಸುವ ಕಟ್ಟು. ಎರಡನೆಯದು ಬಂದರೆ ಓದುಗನ ನಂಬಿಕೆ ಹೋಗುತ್ತದೆ. ಆದ್ದರಿಂದ ಫ್ಯೂಸನ್ನು ಮುಟ್ಟದೆ, ಗೋಲಿಯನ್ನು ನಾಲ್ಕು ಬೆರಳು ಸರಿಸಿದೆ. ಗಾಯವಾಗುತ್ತದೆ, ಮಾಂಸ ಹರಿಯುತ್ತದೆ, ಎಲುಬಿಗೆ ತಾಗುವುದಿಲ್ಲ. 9ರಂದು ಅವರು ನದಿಯ ದೋಣಿಯಲ್ಲಿರುತ್ತಾರೆ. ಬಸ್ರಾದ ಆಸ್ಪತ್ರೆಯಲ್ಲೇ ಗುಣವಾಗುತ್ತದೆ, ಸಮುದ್ರ ದಾಟುವ ಹಡಗಿನ ಚೀಟಿ ಬರುವುದಿಲ್ಲ. ಬದಲಾದದ್ದು ಇಷ್ಟೇ.

ಇಲ್ಲಿ ಒಂದು ಆಸೆಯನ್ನು ಒತ್ತಿಡಬೇಕಾಯಿತು. ನಿಜದಲ್ಲಿ ಅಟ್ಲಿ ಭಾರತಕ್ಕೆ ಬಂದಿದ್ದಾರೆ. ನಮ್ಮ ದಂಡಿನ ಊರಿಗೆ ಅವರನ್ನು ಕರೆತಂದು, ಟಿಳಕರ ಸಭೆಯ ಗದ್ದಲ ಕೇಳಿಸಿದರೆ ಎಷ್ಟು ಚೆನ್ನ! ಪುಣೆಯಿಂದ ಬೆಳಗಾವಿಗೆ ಮೀಟರ್ ಗೇಜ್ ರೈಲೂ ಇತ್ತು. ಆದರೆ ಗಾಯಾಳು ಅಧಿಕಾರಿಯನ್ನು ಇಷ್ಟು ಒಳಗೆ ತರಲು ಕಾರಣ ಹುಟ್ಟಿಸಬೇಕು, ಅವನನ್ನು ಸಭೆಯ ಹತ್ತಿರ ಒಯ್ಯಲು ಇನ್ನೊಂದು ಕಾರಣ ಹುಟ್ಟಿಸಬೇಕು. ಓದುಗನಿಗೆ ಬರಹಗಾರನ ಕೈ ಕಾಣುತ್ತದೆ. ಕೈಬಿಟ್ಟೆ.

ಬೆಳಗಾವಿ ಸೀಮೆ ಕಥೆಯೊಳಗೆ ಬಂದದ್ದು ಬೇರೆ ದಾರಿಯಿಂದ. ಮೊದಲು 110ನೇ ಮರಾಠಾ ಪಲ್ಟಣದ ಸಿಪಾಯಿಯೊಬ್ಬ ಅಟ್ಲಿಯನ್ನು ಹೊತ್ತು ತರುವಂತೆ ಬರೆದಿದ್ದೆ. ಸಾಧ್ಯವೇ ಇಲ್ಲ: ಆ ಪಲ್ಟಣ ನಾಲ್ಕು ತಿಂಗಳಿಂದ ಕೂಟ್ ಒಳಗೆ ಮುಚ್ಚಿಹೋಗಿದೆ. ಹೊರಗೆ ಇದ್ದವರು ಯಾರು ಎಂದು ನೋಡಿದರೆ ಖಚ್ಚರ ಗಾಡಿಯವರು. ಸೇನೆಯ ಭಾರತೀಯ ಸಾಗಣೆ ಗಾಡಿಗೆ ಎರಡು ಖಚ್ಚರ, ಎರಡು ಗಾಲಿ, ಸ್ಪ್ರಿಂಗ್ ಇಲ್ಲ. ಮೆಸೊಪೊಟೇಮಿಯಾದಲ್ಲಿ ಗಾಯಾಳುಗಳನ್ನು ಕಂದಕದಿಂದ ನದಿಯ ತನಕ ತಂದದ್ದು ಬಹುಮಟ್ಟಿಗೆ ಇದೇ ಗಾಡಿ. ಅಲ್ಲಿಂದ ಹಬೆ ದೋಣಿಯ ಪಕ್ಕಕ್ಕೆ ಕಟ್ಟಿದ ತೆಪ್ಪದ ಮೇಲೆ ಬಯಲಲ್ಲಿ ಮಲಗಿಸಿ ಬಸ್ರಾಕ್ಕೆ. ಏಪ್ರಿಲ್ ಎಂದರೆ ಉತ್ತರದ ಬೆಟ್ಟಗಳ ಹಿಮ ಕರಗಿ ಟೈಗ್ರಿಸ್ ಉಕ್ಕುವ ಕಾಲ, ನೆಲವೆಲ್ಲ ಕೆಸರು. ಎರೆಭೂಮಿಯ ಮಳೆಗಾಲದ ದಾರಿಯಲ್ಲಿ ಗಾಡಿ ಹೊಡೆದವನಿಗೆ ಆ ಕೆಸರು ಹೊಸತಲ್ಲ. ಹಾಗಾಗಿ ಖಾನಾಪುರ ಕಡೆಯ ಒಬ್ಬ ಹಿರಿಯ ಮತ್ತು ಬೈಲಹೊಂಗಲ ಕಡೆಯ ಒಬ್ಬ ಹುಡುಗನನ್ನು ಗಾಡಿಗೆ ಕೂಡಿಸಿದೆ.

ಅವರ ಮಾತಿನಲ್ಲಿ ನಾನು ಮಾಡಿದ ತಪ್ಪನ್ನು ಹಾಗೇ ತೋರಿಸುತ್ತೇನೆ. ಮೊದಲು ಬರೆದದ್ದು:

“ಕಾಕಾ, ಈ ಸಾಹೇಬ ಸಾದಾ ಮನಷ್ಯಾ ಅಲ್ಲ ನೋಡ್ರಿ. ಮುಂದ ದೊಡ್ಡವ ಆಗತಾನ.”

ಇದು ಗಾಡಿಯವನ ಮಾತಲ್ಲ, 1947ನ್ನು ಓದಿಕೊಂಡವನ ಮಾತು. ತಿದ್ದಿದ್ದು:

“ಕಾಕಾ, ಈ ಸಾಹೇಬಗ ಎಲ್ಲಿ ಬಡದೈತ್ರಿ?”

“ಕಾಲಿಗಿ. ಎಲಬ ಉಳದೈತಂತ. ಸಾವಕಾಶ ಹೊಡಿ ತಮ್ಮಾ, ಗಾಲಿ ತೆಗ್ಗಿನ್ಯಾಗ ಬಿದ್ರ ಒಳಗಿನ ಮಂದಿ ಚೀರ್ತಾರ.”

“ಕೈಯಾನ ನಿಶಾನಿ ಬಿಡವಲ್ರಲ್ರಿ.”

“ಇರಲಿ ಬಿಡು. ಹೊಚಗೊಳ್ಳಾಕ ಆಗತೈತಿ.”

ಎಲುಬು ಉಳಿದಿದೆ ಎಂಬ ಎರಡು ಶಬ್ದದಲ್ಲಿ ಕವಲು ಒಡೆದುಹೋಯಿತು. ಅಲ್ಲಿರುವ ಯಾರಿಗೂ ಅದು ಗೊತ್ತಿಲ್ಲ, ಗೊತ್ತಾಗಲೂಬಾರದು. ಅಟ್ಲಿಯ ಬಾಯಿಂದ ನಾನು ಉದ್ದದ ಮಾತು ಆಡಿಸಲಿಲ್ಲ. ಪ್ರಧಾನಿಯಾದ ಮೇಲೂ ಒಂದೆರಡು ಶಬ್ದದಲ್ಲಿ ಉತ್ತರ ಮುಗಿಸುವವರೆಂದೇ ಹೆಸರಾದ ಮನುಷ್ಯ, ಗಾಡಿಯಲ್ಲಿ ನೋವು ತಿನ್ನುತ್ತ ಭಾಷಣ ಮಾಡುವುದಿಲ್ಲ. ಸಾಲದ್ದಕ್ಕೆ ಅವರದು ಹೊಸದಾಗಿ ಕಟ್ಟಿದ ಇಂಗ್ಲಿಷ್ ಬೆಟಾಲಿಯನ್, ಭಾರತೀಯ ಪಲ್ಟಣದ ಸಾಹೇಬರ ಹಾಗೆ ಹಿಂದೂಸ್ತಾನಿ ಬರುವ ಕಾರಣವಿಲ್ಲ. ಆ ದೃಶ್ಯದಲ್ಲಿ ಅವರು ಆಡುವುದು ನೀರು ಕೇಳುವ ಒಂದು ಶಬ್ದ, ಅದೂ ಕೈಸನ್ನೆಯ ಜತೆಗೆ.

ಕಾಲಕ್ಕೆ ಹೊಂದದ ಶಬ್ದಗಳು ಕರಡನ್ನು ಕೆಡಿಸುವಷ್ಟು ಬೇರೇನೂ ಕೆಡಿಸುವುದಿಲ್ಲ. 1916ರಲ್ಲಿ ಯಾರೂ ಮೊದಲನೆಯ ಮಹಾಯುದ್ಧ ಎನ್ನುವುದಿಲ್ಲ, ಎರಡನೆಯದು ಇನ್ನೂ ಆಗಿಲ್ಲ. ನನ್ನ ಗಾಡಿಯವರು ಲಡಾಯಿ ಎನ್ನುತ್ತಾರೆ. ಇರಾಕ್ ಎಂಬ ರಾಜ್ಯ ಹುಟ್ಟಿಲ್ಲ. ನಾಯಬ್ ಸುಬೇದಾರ್ ಎಂಬ ಹುದ್ದೆ ಸ್ವಾತಂತ್ರ್ಯದ ನಂತರದ್ದು, ಆಗ ಅದು ಜಮಾದಾರ್. ಜೈ ಹಿಂದ್ ಇಲ್ಲ. ಮರಾಠಾ ಪಲ್ಟಣಗಳಿಗೆ ನೂರರ ಮೇಲಿನ ನಂಬರು, ಒಂದೇ ರೆಜಿಮೆಂಟಾಗಿ ಕೂಡಿದ್ದು 1922ರಲ್ಲಿ. ಹಾಗಾಗಿ 1916ರ ಬೆಳಗಾವಿಯಲ್ಲಿ ರೆಜಿಮೆಂಟಲ್ ಸೆಂಟರನ್ನು ತೋರಿಸಿದರೆ ಗೊತ್ತಿದ್ದವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಸಿಪಾಯಿಯ ತಿಂಗಳ ಪಗಾರ 11 ರೂಪಾಯಿ. ಅಟ್ಲಿಗೆ ಮೇಜರ್ ಎಂದು ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಜನ ಅವರನ್ನು ಮೇಜರ್ ಅಟ್ಲಿ ಎಂದೇ ಬಲ್ಲರು, ಆದರೆ ಆ ಬಡ್ತಿ 1917ರದ್ದು, ಅದೂ ಇಂಗ್ಲೆಂಡಿಗೆ ಮರಳಿದ ಮೇಲೆ. ನನ್ನ ಕವಲಿನಲ್ಲಿ ಅದು ತಾನಾಗಿ ಬರುವುದಿಲ್ಲ, ಬೇರೆ ದಾರಿಯಿಂದ ದುಡಿಯಬೇಕು.

ಬೆಳಕು, ಕತ್ತಲೆಗೂ ಲೆಕ್ಕ ಬೇಕು. ಹನ್ನಾದ ದಾಳಿ ನಸುಕಿನಲ್ಲಿ ಶುರುವಾಯಿತು. ಬೆಳದಿಂಗಳು ಬರೆಯಲೋ ಬೇಡವೋ? ಹಳೆಯ ಪಂಚಾಂಗ ಕೈಗೆ ಸಿಗದಿದ್ದರೂ ಈಸ್ಟರ್ ಹಬ್ಬದಿಂದ ತಿಥಿ ತೆಗೆಯಬಹುದು. ವಸಂತದ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್. 1916ರಲ್ಲಿ ಅದು ಏಪ್ರಿಲ್ 23. ಅಂದರೆ ಹುಣ್ಣಿಮೆ ಅದರ ಹಿಂದಿನ ವಾರದಲ್ಲಿ, ಅಮಾವಾಸ್ಯೆ ಇನ್ನೊಂದು ಹದಿನೈದು ದಿನ ಹಿಂದೆ, ಏಪ್ರಿಲ್ ಮೊದಲ ವಾರದಲ್ಲಿ. ಹಾಗಾದರೆ 5ರ ನಸುಕು ಕಗ್ಗತ್ತಲು. ಅದು ನಮಗೆ ಯುಗಾದಿಯ ಆಸುಪಾಸು ಎಂಬುದೂ ಇದರಿಂದಲೇ ಹೊರಬಿತ್ತು, ಗಾಡಿಯವರ ಮಾತಿನಲ್ಲಿ ಬೇವು ಬೆಲ್ಲ ಬಂತು.

ಬಸ್ರಾದಿಂದ ಮುಂದಿನ ಹೆಜ್ಜೆಗೆ ಜನರಲ್ ಮಾಡ್ ಸಿಕ್ಕಿದ್ದು ಈ ಕೆಲಸದ ದೊಡ್ಡ ಲಾಭ. ಸುವ್ಲಾದಲ್ಲಿ 13ನೇ ಡಿವಿಜನ್ನಿನ ಮುಖ್ಯಸ್ಥರಾಗಿದ್ದ ಅವರೇ 1916ರ ಆಗಸ್ಟಿನಲ್ಲಿ ಮೆಸೊಪೊಟೇಮಿಯಾದ ಇಡೀ ಪಡೆಯ ದಂಡನಾಯಕರಾದರು. ಡಿಸೆಂಬರಿನಲ್ಲಿ ದಂಡು ಹೊರಡಿಸಿ, 1917ರ ಫೆಬ್ರುವರಿ ಕೊನೆಗೆ ಕೂಟ್ ಮರಳಿ ಗೆದ್ದು, ಮಾರ್ಚ್ 11ರಂದು ಬಾಗ್ದಾದ್ ಹೊಕ್ಕರು. ಸುವ್ಲಾದ ಕೊನೆಯ ದೋಣಿಯ ಕ್ಯಾಪ್ಟನ್ ಮುಖ ಅವರಿಗೆ ನೆನಪಿರುವುದು ಸಹಜ. ಹೊಸದಾಗಿ ಕೈಸೇರಿದ ಬಾಗ್ದಾದಿಗೆ ಆಡಳಿತಗಾರರು ಬೇಕು. ಅಟ್ಲಿ 1906ರಲ್ಲೇ ಬ್ಯಾರಿಸ್ಟರ್ ಆದವರು, ಲಂಡನ್ನಿನ ಸ್ಟೆಪ್ನಿಯ ಬಡಕೇರಿಯಲ್ಲಿ ವರ್ಷಗಟ್ಟಲೆ ದುಡಿದವರು. ಸೇನಾಧಿಕಾರಿಗಳನ್ನು ಅಲ್ಲಿ ನಾಗರಿಕ ಆಡಳಿತಕ್ಕೆ ಎಳೆದುಕೊಂಡದ್ದಂತೂ ನಿಜ. ಒಂದು ವಾಕ್ಯದ ಶಿಫಾರಸು ಸಾಕಾಯಿತು. ಅದೇ ನವೆಂಬರ್ 18ರಂದು ಮಾಡ್ ಕಾಲರಾದಿಂದ ತೀರಿಕೊಳ್ಳುತ್ತಾರೆ, ಅದನ್ನು ಬದಲಿಸಲಿಲ್ಲ. ಕಳಿಸಿಕೊಡಬಹುದಾಗಿದ್ದ ಹಿರಿಯ ಹೋದ ಮೇಲೆ ಅಟ್ಲಿ ಬಾಗ್ದಾದಿನ ಕಚೇರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. 1920ರ ಬೇಸಿಗೆಯ ಬಂಡಾಯ ಕಳೆದು ಅಕ್ಟೋಬರಿನಲ್ಲಿ ಪರ್ಸಿ ಕಾಕ್ಸ್ ಬ್ರಿಟಿಷ್ ಹೈಕಮಿಷನರ್ ಆಗಿ ಮರಳಿ ಬಂದು ಆಡಳಿತ ಬದಲಾಗುವಾಗ ಬಿಡುಗಡೆ.

ಮುಟ್ಟದೆ ಬಿಟ್ಟ ಸರಪಳಿ ಒಂದಿದೆ, ಅದನ್ನು ಹೇಳಲೇಬೇಕು. ಅದೇ ಖಚ್ಚರ ಗಾಡಿ, ಅದೇ ತೆಪ್ಪಗಳ ದುರವಸ್ಥೆಯ ಬಗ್ಗೆ ಮೆಸೊಪೊಟೇಮಿಯಾ ಆಯೋಗ 1917ರಲ್ಲಿ ವರದಿ ಕೊಟ್ಟಿತು. ಭಾರತ ಮಂತ್ರಿ ಆಸ್ಟೆನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಮಾಂಟೆಗ್ಯು ಆಗಸ್ಟ್ 20ರಂದು ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುವ ಘೋಷಣೆ ಮಾಡಿದರು. ಗಾಡಿಗೆ ಸ್ಪ್ರಿಂಗ್ ಇಲ್ಲದ್ದಕ್ಕೂ ಭಾರತದ ರಾಜಕಾರಣಕ್ಕೂ ನೇರ ದಾರಿ ಇದೆ. ಕಥೆಯ ಕರುಣೆಗೆ ಸೋತು ಗಾಯಾಳುಗಳಿಗೆ ಒಳ್ಳೆಯ ದೋಣಿ ಕೊಟ್ಟಿದ್ದರೆ ಈ ಸರಪಳಿ ಕಡಿದುಹೋಗುತ್ತಿತ್ತು.

ನಿಜವಾದ ಪೆಟ್ಟು ಬೀಳುವುದು ಲಂಡನ್ನಿನ ಮತಪೆಟ್ಟಿಗೆಯಲ್ಲಿ. ನಡೆದ ಇತಿಹಾಸದಲ್ಲಿ ಅಟ್ಲಿ 1919ರ ಆರಂಭಕ್ಕೆ ಸೇನೆ ಬಿಟ್ಟು ಬಂದರು, ಅದೇ ವರ್ಷ ಸ್ಟೆಪ್ನಿಯ ಮೇಯರ್ ಆದರು, 1922ರಲ್ಲಿ ಲೈಮ್‌ಹೌಸ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಹೋದರು. ಬಾಗ್ದಾದಿನಲ್ಲಿ ಇದ್ದವನಿಗೆ 1919 ಇಲ್ಲ. ಮೇಯರ್‌ಗಿರಿ ಬೇರೆಯವರಿಗೆ, ಲೈಮ್‌ಹೌಸ್ ಟಿಕೆಟ್ಟೂ ಬೇರೆಯವರಿಗೆ. 1923ರಲ್ಲಿ ಇನ್ನೊಂದು ಕ್ಷೇತ್ರ ಕೊಟ್ಟೆ. ಆಮೇಲೆ 1931. ನಡೆದ ಚುನಾವಣೆಯಲ್ಲಿ ಅಟ್ಲಿಯ ಲೇಬರ್ ಪಕ್ಷ 52 ಸ್ಥಾನಕ್ಕೆ ಕುಸಿಯಿತು, ಮಾಜಿ ಮಂತ್ರಿಗಳಲ್ಲಿ ಬಹುತೇಕರು ಸೋತರು. ಲೈಮ್‌ಹೌಸ್‌ನಲ್ಲಿ ಅಟ್ಲಿ ಗೆದ್ದದ್ದು ಬರೀ 551 ಮತಗಳಿಂದ. ಪಕ್ಷದ ಮುಖಂಡರಾದ ಮಾರಿಸನ್, ಗ್ರೀನ್‌ವುಡ್ ಇಬ್ಬರೂ ಸೋತು ಸದನದ ಹೊರಗುಳಿದರು. ಅದರಿಂದಲೇ ಅಟ್ಲಿ ಉಪನಾಯಕರಾದರು, 1935ರಲ್ಲಿ ಎರಡನೆಯ ಸುತ್ತಿನಲ್ಲಿ ಮಾರಿಸನ್‌ರನ್ನು 88ಕ್ಕೆ 48ರಿಂದ ಸೋಲಿಸಿ ನಾಯಕರಾದರು. ಹನ್ನೆರಡು ವರ್ಷ ಒಂದೇ ಕೇರಿಯಲ್ಲಿ ಮನೆಮನೆ ತಿರುಗಿದವನಿಗೆ ಸಿಕ್ಕ 551 ಅದು. ತಡವಾಗಿ, ಬೇರೆ ಕ್ಷೇತ್ರಕ್ಕೆ ಹೋದವನಿಗೆ ಆ 551 ಸಿಗುವುದಿಲ್ಲ ಎಂಬುದು ನನ್ನ ತೀರ್ಮಾನ. ಯುದ್ಧದ ದೃಶ್ಯಕ್ಕೆ ಆರು ಪುಟ ಕೊಟ್ಟೆ, ಮತ ಎಣಿಕೆಯ ರಾತ್ರಿಗೆ ಹದಿನಾಲ್ಕು.

1927ರ ಸೈಮನ್ ಆಯೋಗ ತೊಡಕಾಯಿತು. ನಿಜದಲ್ಲಿ ಅಟ್ಲಿ ಅದರ ಸದಸ್ಯರು, 1928ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಇಳಿದಾಗ ಕಪ್ಪು ಬಾವುಟ ಕಂಡವರು. ಭಾರತದ ಬಗ್ಗೆ ಅವರು ಕಲಿತದ್ದು ಬಹಳಷ್ಟು ಅಲ್ಲಿಂದ. ನನ್ನ ಕವಲಿನಲ್ಲೂ ಅವರು ಸಂಸದರೇ, ಪೂರ್ವದ ಆಡಳಿತ ಬಲ್ಲವರು ಬೇರೆ. ಆರಿಸದೆ ಬಿಡಲು ಕಾರಣವಿಲ್ಲ. ಹಾಗಾಗಿ ಕಪ್ಪು ಬಾವುಟದ ದೃಶ್ಯ ಉಳಿಯಿತು. ಬಂದರಿನ ಜನಜಂಗುಳಿಯಲ್ಲಿ ಬೈಲಹೊಂಗಲದ ಹುಡುಗನೂ ಇದ್ದಾನೆ, ಇಬ್ಬರಿಗೂ ಪರಸ್ಪರ ಗುರುತು ಹತ್ತುವುದಿಲ್ಲ.

ಕಥೆಯ ಕೊನೆಗೆ ಒಂದು ಹಾಳೆ ಸೇರಿಸಿದ್ದೇನೆ, ಅದಕ್ಕೆ ನಿಜಪುಟ ಎಂದು ಹೆಸರು. ಬದಲಾಯಿಸಿದ್ದು ಏಪ್ರಿಲ್ 5ರ ಒಂದು ಗೋಲಿ, ಗಾಡಿಯವರಿಬ್ಬರು ಕಲ್ಪಿತ, ಅಲ್ಲಿಂದಾಚೆ ಅಟ್ಲಿ ಮಾಡಿದ್ದೆಲ್ಲ ಕಲ್ಪಿತ, ಕೂಟ್, ಬಾಗ್ದಾದ್, ಆಯೋಗ, 52 ಸ್ಥಾನ ನಿಜ ಎಂದು ಅದರಲ್ಲಿ ಸಾಲುಸಾಲಾಗಿ ಬರೆದಿದೆ. ನಿಜವಾದ ವ್ಯಕ್ತಿಯ ಹೆಸರಿಟ್ಟು ಬರೆಯುವಾಗ ಇದು ಬೇಕೇ ಬೇಕು. ಇಲ್ಲದಿದ್ದರೆ ನಾಳೆ ಯಾವುದೋ ಶಾಲೆಯ ಹುಡುಗ ಅಟ್ಲಿ ಬಾಗ್ದಾದಿನಲ್ಲಿ ನ್ಯಾಯಾಧೀಶರಾಗಿದ್ದರು ಎಂದು ಬರೆದಾನು. ಅದೇ ಕಾರಣಕ್ಕೆ ಅವರ ಮೇಲೆ ಇಲ್ಲದ ದೋಷ, ಇಲ್ಲದ ಅಪರಾಧ ಹೊರಿಸಲಿಲ್ಲ.

ವಹಿಯ ಕೊನೆಯ ಸಾಲು 1947ರ ಫೆಬ್ರುವರಿ 20. ಎರಡನೆಯ ಮನೆಯಲ್ಲಿ ಕಪ್ಪು ಶಾಯಿಯಲ್ಲಿ ‘1948ರ ಜೂನ್ ಒಳಗೆ ಅಧಿಕಾರ ಹಸ್ತಾಂತರ, ಘೋಷಣೆ ಅಟ್ಲಿ’ ಎಂದಿದೆ. ಮೂರನೆಯ ಮನೆಯಲ್ಲಿ ಪೆನ್ಸಿಲ್ಲಿನಿಂದ ಮೊದಲು ಮಾರಿಸನ್ ಎಂದು ಬರೆದೆ, ಅಳಿಸಿದೆ. 1931ರಲ್ಲಿ ಸೋಲದೆ ಉಳಿದ ಕೆಲವರಲ್ಲಿ ಸ್ಟಾಫರ್ಡ್ ಕ್ರಿಪ್ಸ್ ಒಬ್ಬರು, 1942ರಲ್ಲೂ 1946ರಲ್ಲೂ ಸಂಧಾನಕ್ಕೆ ದಿಲ್ಲಿಗೆ ಬಂದವರು. ಅವರ ಹೆಸರು ಬರೆದು ಅದನ್ನೂ ಅಳಿಸಿದೆ. ಕವಲಿನಿಂದ ಮೂವತ್ತು ವರ್ಷ ದೂರದಲ್ಲಿ ನಾಲ್ಕು ಬೆರಳಿನ ಲೆಕ್ಕ ನಡೆಯುವುದಿಲ್ಲ. ಕಥೆಯನ್ನು 1931ರ ಅಕ್ಟೋಬರ್ 27ರ ರಾತ್ರಿಗೆ ನಿಲ್ಲಿಸಿದೆ: ಎಣಿಕೆ ಮುಗಿದಿದೆ, ಪೈಪಿಗೆ ತಂಬಾಕು ತುಂಬಿಕೊಳ್ಳುತ್ತ ಅಟ್ಲಿ ಮಳೆಯಲ್ಲಿ ಟ್ರಾಮ್‌ಗೆ ಕಾಯುತ್ತಿದ್ದಾರೆ, ಬಲಗಾಲಿನ ಹಳೆಯ ಕಲೆ ಚಳಿಗೆ ಸ್ವಲ್ಪ ಎಳೆಯುತ್ತಿದೆ.